ಎಡ್ಗರ್ ಕಾಡ್: ಡೇಟಾಬೇಸ್‌ಗೆ ಗಣಿತ ಕೊಟ್ಟ, ಸ್ವಂತ ಕಂಪನಿಯೇ ಕಾಯಿಸಿದ ಮನುಷ್ಯ

ಸರ್ವರ್ ಡೌನ್ ಇದೆ, ನಾಳೆ ಬನ್ನಿ ಅನ್ನುವ ಮಾತು ಕೇಳಿಸಿಕೊಳ್ಳದ ಕನ್ನಡಿಗರು ಈಗ ಸಿಗುವುದು ಕಷ್ಟ. ಪಹಣಿಗೂ ಸರ್ವರ್, ರೇಷನ್‌ಗೂ ಸರ್ವರ್, ಬ್ಯಾಂಕಿನ ಪಾಸ್‌ಬುಕ್ ಎಂಟ್ರಿಗೂ ಸರ್ವರ್. ಆ ಸರ್ವರ್ ಒಳಗೆ ನಮ್ಮ ಹೆಸರು ಯಾವ ರೂಪದಲ್ಲಿ ಕೂತಿದೆ, ಅದನ್ನು ಯಾರು ಕಾಯುತ್ತಾರೆ ಎಂದು ಕೇಳುವವರು ಮಾತ್ರ ಕಡಿಮೆ. ಬಹುಪಾಲು ಸಲ ಒಳಗಿರುವುದು ರಿಲೇಷನಲ್ ಡೇಟಾಬೇಸ್. ಸಾಲು ಮತ್ತು ಕಾಲಂಗಳ ಟೇಬಲ್‌ಗಳು, ಒಂದು ಟೇಬಲ್‌ಗೂ ಇನ್ನೊಂದಕ್ಕೂ ಇರುವ ಕೊಂಡಿಗಳು. ಅದನ್ನು ಕಾಯುವವರು ಡೇಟಾಬೇಸ್ ಅಡ್ಮಿನಿಸ್ಟ್ರೇಟರ್‌ಗಳು, ಚಿಕ್ಕದಾಗಿ ಡಿಬಿಎ. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ರಾತ್ರಿಪಾಳಿ ಮಾಡುವ ಎಷ್ಟೋ ಜನರ ಕೆಲಸ ಇದೇ. ಬ್ಯಾಕಪ್ ಸರಿಯಾಗಿ ಆಯಿತಾ ನೋಡುವುದು, ಕುಂಟುತ್ತಿರುವ ಕ್ವೆರಿಗೆ ಇಂಡೆಕ್ಸ್ ಹಾಕುವುದು, ಡಿಸ್ಕ್ ತುಂಬುವ ಮುಂಚೆ ಜಾಗ ಮಾಡುವುದು, ಯಾರಿಗೆ ಯಾವ ಟೇಬಲ್ ಕಾಣಬೇಕು ಎಂದು ತೀರ್ಮಾನಿಸುವುದು. ಚೆನ್ನಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳದ ಕೆಲಸ. ಕೆಟ್ಟರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತೆ.

ಈ ಕೆಲಸ ಇವತ್ತು ಈ ರೂಪದಲ್ಲಿ ಇರುವುದಕ್ಕೆ ಮೂಲ 1970ರ ಜೂನ್‌ನಲ್ಲಿ ಒಂದು ಕಂಪ್ಯೂಟರ್ ವಿಜ್ಞಾನದ ಪತ್ರಿಕೆಯಲ್ಲಿ ಬಂದ 11 ಪುಟಗಳ ಲೇಖನ. ಬರೆದವರು ಎಡ್ಗರ್ ಫ್ರಾಂಕ್ ಕಾಡ್, ಗೆಳೆಯರಿಗೆ ಟೆಡ್. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಹೆಸರು ಬರೋದು ಡಿಬಿಎಂಎಸ್ ಪರೀಕ್ಷೆಯ ಹಿಂದಿನ ರಾತ್ರಿ. ಕಾಡ್ ಅವರ 12 ನಿಯಮಗಳನ್ನು ಬರೆಯಿರಿ, ಇಷ್ಟು ಮಾರ್ಕ್ಸ್. ಎಲ್ಲರೂ ಬಾಯಿಪಾಠ ಮಾಡಿ, ಬರೆದು, ಮರೆಯುತ್ತೇವೆ. ಆ ನಿಯಮಗಳ ಹಿಂದೆ ಹದಿನೈದು ವರ್ಷಗಳ ಜಗಳ ಇತ್ತು ಅನ್ನೋದು ಸಿಲಬಸ್‌ನಲ್ಲಿ ಇರಲಿಲ್ಲ.

ಕಾಡ್ ಹುಟ್ಟಿದ್ದು 1923ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲೆಂಡ್ ಎಂಬ ಪುಟ್ಟ ದ್ವೀಪದಲ್ಲಿ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗೆ ಕಲ್ಲು ಹೋದದ್ದು ಅಲ್ಲಿಂದಲೇ. ತಂದೆಗೆ ಚರ್ಮ ತಯಾರಿಕೆಯ ಉದ್ಯೋಗ, ತಾಯಿ ಶಾಲಾ ಶಿಕ್ಷಕಿ. ಏಳು ಮಕ್ಕಳಲ್ಲಿ ಇವರೇ ಕಿರಿಯರು. ಪೂಲ್ ಗ್ರಾಮರ್ ಸ್ಕೂಲ್ ಮುಗಿಸಿ, ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್ ಸೇರಿ, ಮೊದಲು ರಸಾಯನಶಾಸ್ತ್ರ ಓದಲು ಶುರು ಮಾಡಿದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ವಿದ್ಯಾರ್ಥಿ ಎಂದು ಸೇನೆಯಿಂದ ವಿನಾಯಿತಿ ಪಡೆಯುವ ಅವಕಾಶವಿದ್ದರೂ ತಾವಾಗಿಯೇ ವಾಯುಪಡೆ ಸೇರಿದರು. ಸಂಡರ್‌ಲೆಂಡ್ ಎಂಬ, ನೀರಿನ ಮೇಲೆ ಇಳಿಯುವ ದೊಡ್ಡ ವಿಮಾನಗಳನ್ನು ಹಾರಿಸಿದರು. ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡ್‌ಗೆ ವಾಪಸ್ ಬಂದು ಗಣಿತದಲ್ಲಿ ಪದವಿ ಪಡೆದರು.

1948ರಲ್ಲಿ ನ್ಯೂಯಾರ್ಕ್‌ಗೆ ಹೋದರು. ಮೊದಲ ಕೆಲಸ ಮೇಸೀಸ್ ಎಂಬ ದೊಡ್ಡ ಅಂಗಡಿಯಲ್ಲಿ ಗಂಡಸರ ಬಟ್ಟೆ ಮಾರುವುದು. ಆಮೇಲೆ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಆರು ತಿಂಗಳು ಗಣಿತದ ಪಾಠ. 1949ರಲ್ಲಿ ಐಬಿಎಂ ಸೇರಿದರು. ಆಗ ಐಬಿಎಂನ ಎಸ್‌ಎಸ್‌ಇಸಿ ಎಂಬ ದೈತ್ಯ ಯಂತ್ರ ನ್ಯೂಯಾರ್ಕ್‌ನ ರಸ್ತೆ ಬದಿಯಲ್ಲಿ, ಗಾಜಿನ ಆಚೆಗೆ ನಡೆದುಹೋಗುವವರಿಗೆಲ್ಲ ಕಾಣುವ ಹಾಗೆ ನಿಂತಿತ್ತು. ಕಾಡ್ ಅದಕ್ಕೆ ಪ್ರೋಗ್ರಾಂ ಬರೆಯುವ ಗಣಿತಜ್ಞ. ಕಂಪ್ಯೂಟರ್ ಸೈನ್ಸ್ ಎಂಬ ಹೆಸರೇ ಚಾಲ್ತಿಗೆ ಬಾರದ ಕಾಲ ಅದು.

1953ರಲ್ಲಿ ಅಮೆರಿಕ ಬಿಟ್ಟು ಕೆನಡಾದ ಒಟ್ಟಾವಾಗೆ ಹೋದರು. ಸಂಬಳಕ್ಕಾಗಿ ಅಲ್ಲ. ಸೆನೆಟರ್ ಜೋಸೆಫ್ ಮೆಕಾರ್ಥಿ ಕಂಡಕಂಡವರನ್ನೆಲ್ಲ ಕಮ್ಯುನಿಸ್ಟ್ ಎಂದು ಬೇಟೆಯಾಡುತ್ತಿದ್ದ ವರ್ಷಗಳು. ಅದನ್ನು ಸಹಿಸದೆ ದೇಶವನ್ನೇ ಬಿಟ್ಟರು. ಒಪ್ಪದ ಮಾತಿಗೆ ತಲೆಯಾಡಿಸಿಕೊಂಡು ಕೂರುವ ಗುಣ ಈ ಮನುಷ್ಯನಲ್ಲಿ ಇರಲಿಲ್ಲ, ಮುಂದೆ ಇದು ಮತ್ತೆ ಮತ್ತೆ ಕಾಣುತ್ತೆ. 1957ರಲ್ಲಿ ಐಬಿಎಂಗೆ ವಾಪಸ್ಸಾಗಿ, ಸ್ಟ್ರೆಚ್ ಎಂಬ ಸೂಪರ್ ಕಂಪ್ಯೂಟರಿನ ಯೋಜನೆಯಲ್ಲಿ ಒಂದೇ ಯಂತ್ರ ಹಲವು ಪ್ರೋಗ್ರಾಂಗಳನ್ನು ಒಟ್ಟಿಗೆ ನಡೆಸುವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದರು. ವಯಸ್ಸು ನಲವತ್ತರ ಹತ್ತಿರ ಬಂದಾಗ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಿಎಚ್‌ಡಿ ಮಾಡಿದರು. ವಿಷಯ ಡೇಟಾಬೇಸ್ ಅಲ್ಲವೇ ಅಲ್ಲ. ತನ್ನಂಥದೇ ಇನ್ನೊಂದನ್ನು ತಾನೇ ಸೃಷ್ಟಿಸಿಕೊಳ್ಳುವ ಯಂತ್ರ ಸಾಧ್ಯವೇ ಎಂಬ ಗಣಿತದ ಪ್ರಶ್ನೆ. ಜಾನ್ ವಾನ್ ನಾಯ್ಮನ್ ಅದಕ್ಕೆ ಪ್ರತಿ ಕೋಶಕ್ಕೂ 29 ಸ್ಥಿತಿಗಳು ಬೇಕಾಗುವ ಉತ್ತರ ಕೊಟ್ಟಿದ್ದರು, ಕಾಡ್ 8ರಲ್ಲಿ ಮುಗಿಸಿದರು. ಇಷ್ಟು ಕಡಿಮೆಯಲ್ಲಿ ಆಗುತ್ತೆ ಅಂದಮೇಲೆ ಅಷ್ಟು ಯಾಕೆ ಎಂದು ಕೇಳುವ ಬುದ್ಧಿ. ಆ ಬುದ್ಧಿಯನ್ನು ಇಟ್ಟುಕೊಂಡೇ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾಲಯಕ್ಕೆ ಬಂದಿದ್ದು.

ಆಗ ಡೇಟಾಬೇಸ್ ಹೇಗಿತ್ತು ಅಂತ ಸ್ವಲ್ಪ ನಿಂತು ನೋಡೋಣ, ಇಲ್ಲದಿದ್ದರೆ ಕಾಡ್ ಮಾಡಿದ್ದು ಏನು ಅನ್ನೋದೇ ತಿಳಿಯಲ್ಲ.

ಐಬಿಎಂನ ದೊಡ್ಡ ಸರಕು ಐಎಂಎಸ್. ಅಪೊಲೊ ಚಂದ್ರಯಾನದ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟಿದ ವ್ಯವಸ್ಥೆ. ಅದರಲ್ಲಿ ಮಾಹಿತಿ ಮರದ ಹಾಗೆ ಇರುತ್ತಿತ್ತು: ಬೇರು, ಕೊಂಬೆ, ಕೊಂಬೆಗೆ ಕೊಂಬೆ. ನಮಗೆ ತಿಳಿಯುವ ಹಾಗೆ ಹೇಳಬೇಕೆಂದರೆ, ತಾಲ್ಲೂಕಿನ ಕೆಳಗೆ ಹೋಬಳಿ, ಹೋಬಳಿಯ ಕೆಳಗೆ ಗ್ರಾಮ, ಗ್ರಾಮದ ಕೆಳಗೆ ಸರ್ವೆ ನಂಬರ್, ಅದರ ಕೆಳಗೆ ಮಾಲೀಕರ ಹೆಸರು ಎಂದು ಜೋಡಿಸಿಟ್ಟಿದ್ದಾರೆ ಅಂದುಕೊಳ್ಳಿ. ಇಂಥ ಸರ್ವೆ ನಂಬರಿನ ಮಾಲೀಕರು ಯಾರು ಎಂದು ಕೇಳಿದರೆ ಉತ್ತರ ಥಟ್ಟನೆ ಸಿಗುತ್ತೆ. ಅದೇ, ಈ ಮಾಲೀಕರಿಗೆ ಎಲ್ಲೆಲ್ಲಿ ಜಮೀನಿದೆ ಎಂದು ತಿರುಗಿಸಿ ಕೇಳಿ ನೋಡಿ. ಪ್ರತಿ ಕೊಂಬೆ ಹತ್ತಿ ಇಳಿಯಬೇಕು. ಆ ಹತ್ತಿ ಇಳಿಯುವ ದಾರಿಯನ್ನು ಪ್ರೋಗ್ರಾಂ ಬರೆಯುವವನೇ ಒಂದೊಂದು ಹೆಜ್ಜೆಯಾಗಿ ಬರೆಯಬೇಕು. ನಾಳೆ ಯಾರೋ ಹೋಬಳಿಯ ಜೋಡಣೆ ಬದಲಿಸಿದರೆ ಬರೆದ ಪ್ರೋಗ್ರಾಂಗಳೆಲ್ಲ ಮುರಿದು ಬೀಳುತ್ತವೆ. ಅಂದರೆ ಸರ್ವರ್ ನೋಡಿಕೊಳ್ಳುವವನು ಡಿಸ್ಕಿನಲ್ಲಿ ಏನನ್ನೂ ಅಲುಗಾಡಿಸುವ ಹಾಗಿಲ್ಲ. ಒಂದು ಚೂರು ಸರಿಸಿದರೆ ಹತ್ತು ವಿಭಾಗಗಳ ಪ್ರೋಗ್ರಾಮರ್‌ಗಳು ಬಂದು ಬಾಗಿಲು ಬಡಿಯುತ್ತಾರೆ.

ಕಾಡ್ ಹೇಳಿದ್ದು ಸರಳ. ಮಾಹಿತಿ ಡಿಸ್ಕಿನಲ್ಲಿ ಹೇಗೆ ಕೂತಿದೆ ಅನ್ನೋದು ಕೇಳುವವರಿಗೆ ಗೊತ್ತಿರಲೇಬಾರದು. ಎಲ್ಲವನ್ನೂ ಟೇಬಲ್‌ಗಳಾಗಿ ತೋರಿಸಿ. ಗಣಿತದಲ್ಲಿ ಇದಕ್ಕೆ ರಿಲೇಷನ್ ಎನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ಒಂದು ಟೇಬಲ್‌ನ ಸಾಲಿಗೂ ಇನ್ನೊಂದರ ಸಾಲಿಗೂ ಸಂಬಂಧ ಇದ್ದರೆ ಅದು ಗುಪ್ತ ಪಾಯಿಂಟರ್ ಆಗಿರಬಾರದು, ಕಣ್ಣಿಗೆ ಕಾಣುವ ಮೌಲ್ಯವಾಗಿಯೇ ಇರಬೇಕು. ಏನು ಬೇಕು ಅಂತ ಕೇಳುವುದಷ್ಟೇ ಬಳಕೆದಾರರ ಕೆಲಸ, ಹೇಗೆ ತರಬೇಕು ಅನ್ನೋದು ಯಂತ್ರದ ತಲೆನೋವು. ಟೇಬಲ್‌ಗಳ ಮೇಲೆ ನಡೆಸುವ ಕೆಲಸಗಳಿಗೆ ಒಂದು ಬೀಜಗಣಿತವನ್ನೇ ಕಟ್ಟಿಕೊಟ್ಟರು. 1969ರಲ್ಲಿ ಐಬಿಎಂನ ಒಳಗಿನ ವರದಿಯಾಗಿ, ಮರುವರ್ಷ ಜಗತ್ತಿಗೆ ಲೇಖನವಾಗಿ ಇದು ಬಂತು.

ಮುಂದಿನ ಎರಡು ವರ್ಷ ಇದಕ್ಕೆ ಇನ್ನೊಂದು ಕಂತು ಸೇರಿಸಿದರು, ನಾರ್ಮಲೈಸೇಷನ್. ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡಿ ಎನ್ನುವುದು ಅದರ ತಿರುಳು. ಒಬ್ಬರ ವಿಳಾಸ ನಾಲ್ಕು ಟೇಬಲ್‌ಗಳಲ್ಲಿದ್ದರೆ, ಮೂರರಲ್ಲಿ ತಿದ್ದಿ ನಾಲ್ಕನೆಯದನ್ನು ಮರೆತ ದಿನ ಆ ವ್ಯಕ್ತಿಗೆ ಎರಡು ವಿಳಾಸ. ಯಾವುದು ನಿಜ ಅಂತ ಯಂತ್ರ ಹೇಳಲಾರದು. ಕಚೇರಿಯ ಕೌಂಟರ್ ಮುಂದೆ ನಿಂತವರು, ಅದು ನಾನೇ ಸ್ವಾಮಿ ಎಂದು ಸಾಬೀತು ಮಾಡಲು ಅಫಿಡವಿಟ್ ಮಾಡಿಸಿಕೊಂಡು ಬರಬೇಕು. ಪರೀಕ್ಷೆಯಲ್ಲಿ ಮೂರನೇ ನಾರ್ಮಲ್ ಫಾರ್ಮ್‌ನ ವ್ಯಾಖ್ಯೆ ಬರೆಯುವಾಗ ಇದು ಅಫಿಡವಿಟ್‌ಗೆ ಸಂಬಂಧಿಸಿದ ವಿಷಯ ಅಂತ ಯಾರಿಗೆ ತಾನೇ ಹೊಳೆಯುತ್ತೆ?

ಐಬಿಎಂ ಈ ಲೇಖನಕ್ಕೆ ಹಾರ ಹಾಕಲಿಲ್ಲ. ಕಾರಣ ದುಡ್ಡು. ಐಎಂಎಸ್ ಚೆನ್ನಾಗಿ ಮಾರಾಟವಾಗುತ್ತಿತ್ತು. ನಮ್ಮದೇ ಸರಕು ಹಳೆಯದಾಯಿತು ಎಂದು ನಮ್ಮದೇ ನೌಕರ ಬರೆದರೆ ಯಾವ ಕಂಪನಿಗೆ ಹಿತವಾಗುತ್ತೆ? ಕಾಡ್ ಸುಮ್ಮನೆ ಕೂರಲಿಲ್ಲ. ತಮ್ಮ ವಿಚಾರವನ್ನು ಐಬಿಎಂನ ಗ್ರಾಹಕರಿಗೇ ನೇರವಾಗಿ ವಿವರಿಸಿದರು, ಆ ಗ್ರಾಹಕರು ಕಂಪನಿಯ ಮೇಲೆ ಒತ್ತಡ ಹಾಕಿದರು. ಕಾರ್ಪೊರೇಟ್ ಭಾಷೆಯಲ್ಲಿ ಇದು ಶಿಸ್ತಿನ ಉಲ್ಲಂಘನೆ. ನನ್ನ ಲೆಕ್ಕದಲ್ಲಿ, ಆ ಲೇಖನ ಬರೆದಷ್ಟೇ ಮುಖ್ಯವಾದ ಕೆಲಸ.

ಎದುರು ಪಕ್ಷವೂ ಸಣ್ಣದಲ್ಲ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಮೊದಲ ಡೇಟಾಬೇಸ್‌ಗಳಲ್ಲೊಂದನ್ನು ಕಟ್ಟಿದ್ದ ಚಾರ್ಲ್ಸ್ ಬಾಕ್‌ಮನ್ ಅವರಿಗೆ 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಪ್ರೋಗ್ರಾಮರ್ ಅಂದರೆ ಮಾಹಿತಿಯ ಕಡಲಲ್ಲಿ ಪಾಯಿಂಟರ್‌ಗಳನ್ನು ಹಿಡಿದು ದಾರಿ ಹುಡುಕುವ ನಾವಿಕ ಎನ್ನುವುದು ಅವರ ದೃಷ್ಟಿ. ಮರುವರ್ಷ ಆನ್ ಆರ್ಬರ್‌ನಲ್ಲಿ, ಅಂದರೆ ಕಾಡ್ ಪಿಎಚ್‌ಡಿ ಮಾಡಿದ ಊರಿನಲ್ಲೇ, ಇಬ್ಬರ ನಡುವೆ ಬಹಿರಂಗ ಚರ್ಚೆ ಏರ್ಪಟ್ಟಿತು. ಯುದ್ಧದಲ್ಲಿ ನಿಜಕ್ಕೂ ಸಮುದ್ರದ ಮೇಲೆ ವಿಮಾನ ಹಾರಿಸಿದ್ದವರು, ದಾರಿ ಹುಡುಕುವ ಕೆಲಸ ಮನುಷ್ಯನಿಗೆ ಬೇಡ, ಯಂತ್ರಕ್ಕೆ ಬಿಡಿ ಎಂದು ವಾದಿಸುವವರ ಕಡೆ ನಿಂತಿದ್ದರು.

ಅದೇ ಸಮಾವೇಶದಲ್ಲಿ ಐಬಿಎಂನ ಇಬ್ಬರು ಯುವಕರು, ಡಾನ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್, ಸೀಕ್ವೆಲ್ ಎಂಬ ಹೊಸ ಭಾಷೆಯ ಪ್ರಬಂಧ ಮಂಡಿಸಿದರು. ಇವತ್ತು ಎಲ್ಲರೂ ಬಳಸುವ ಎಸ್‌ಕ್ಯೂಎಲ್ ಅದೇ. ಬಾಯ್ಸ್ ಆ ವರ್ಷವೇ ತೀರಿಕೊಂಡರು. ಪಠ್ಯಪುಸ್ತಕದ ಬಾಯ್ಸ್–ಕಾಡ್ ನಾರ್ಮಲ್ ಫಾರ್ಮ್‌ನಲ್ಲಿ ಇರುವುದು ಅವರ ಹೆಸರೇ. ಐಬಿಎಂ ಕೊನೆಗೂ ಸ್ಯಾನ್ ಹೋಸೆಯಲ್ಲಿ ಸಿಸ್ಟಂ ಆರ್ ಎಂಬ ಪ್ರಾಯೋಗಿಕ ಯೋಜನೆ ಶುರು ಮಾಡಿತು. ಆದರೆ ಅದರ ಚುಕ್ಕಾಣಿ ಕಾಡ್ ಕೈಯಲ್ಲಿ ಇರಲಿಲ್ಲ. ಅವರು ತಾವೇ ಆಲ್ಫಾ ಎಂಬ ಗಣಿತಬದ್ಧ ಭಾಷೆಯೊಂದನ್ನು ರೂಪಿಸಿದ್ದರು, ಅದನ್ನು ಐಬಿಎಂ ಎತ್ತಿಕೊಳ್ಳಲಿಲ್ಲ. ಎಸ್‌ಕ್ಯೂಎಲ್ ಅವರ ಮಾದರಿಗೆ ಪೂರ್ತಿ ನಿಷ್ಠವಾಗಿಯೂ ಇರಲಿಲ್ಲ. ಗಣಿತದ ಗಣದಲ್ಲಿ ಒಂದೇ ವಸ್ತು ಎರಡು ಸಲ ಬರುವಂತಿಲ್ಲ, ಎಸ್‌ಕ್ಯೂಎಲ್ ಟೇಬಲ್‌ನಲ್ಲಿ ಒಂದೇ ಸಾಲು ಎಷ್ಟು ಸಲ ಬೇಕಾದರೂ ಬರಬಹುದು. ಡೂಪ್ಲಿಕೇಟ್ ತೆಗೆಯುವ ಸ್ಕ್ರಿಪ್ಟ್ ಬರೆಯುತ್ತಾ ಶನಿವಾರ ಕಳೆದುಕೊಂಡ ಡಿಬಿಎಗಳಿಗೆ ಇದರ ಬೆಲೆ ಗೊತ್ತು.

ಅತ್ತ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್, ಕಾಡ್ ಬರೆದದ್ದನ್ನು ಓದಿ ಇಂಗ್ರೆಸ್ ಕಟ್ಟಲು ಶುರು ಮಾಡಿದರು. ಇವತ್ತಿನ ಪೋಸ್ಟ್‌ಗ್ರೆಸ್ ಅದರ ಮುಂದಿನ ತಲೆಮಾರು, ಹೆಸರಲ್ಲೇ ಇದೆ ನೋಡಿ. 1977ರಲ್ಲಿ ಲ್ಯಾರಿ ಎಲಿಸನ್ ಮತ್ತು ಇಬ್ಬರು ಗೆಳೆಯರು ಒಂದು ಸಣ್ಣ ಕಂಪನಿ ತೆರೆದು, ಐಬಿಎಂ ತಾನೇ ಬಹಿರಂಗವಾಗಿ ಪ್ರಕಟಿಸಿದ್ದ ಪ್ರಬಂಧಗಳನ್ನು ನೋಡಿಕೊಂಡು ಡೇಟಾಬೇಸ್ ಬರೆದರು. 1979ರಲ್ಲಿ ಅದು ಒರಾಕಲ್ ವರ್ಷನ್ 2 ಎಂದು ಮಾರುಕಟ್ಟೆಗೆ ಬಂತು. ವರ್ಷನ್ 1 ಅಂದರೆ ಯಾರು ಕೊಳ್ಳುತ್ತಾರೆ ಎಂದು ನೇರ ಎರಡರಿಂದಲೇ ಶುರು! ಐಬಿಎಂನ ಮೊದಲ ರಿಲೇಷನಲ್ ಸರಕು ಎಸ್‌ಕ್ಯೂಎಲ್/ಡಿಎಸ್ ಬಂದದ್ದು 1981ರಲ್ಲಿ, ದೊಡ್ಡ ಯಂತ್ರಗಳ ಡಿಬಿ2 ಬಂದದ್ದು 1983ರಲ್ಲಿ. ಲೇಖನ ಬಂದು ಹದಿಮೂರು ವರ್ಷ. ಅಷ್ಟರಲ್ಲಿ ಕಾಡ್ ಅವರಿಗೆ ಕಂಪನಿ 1976ರಲ್ಲಿ ಐಬಿಎಂ ಫೆಲೊ ಎಂಬ ಗೌರವ ಕೊಟ್ಟಿತ್ತು, 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿಯೂ ಬಂದಿತ್ತು. ಪ್ರಶಸ್ತಿ ಕೊಡೋದು ಸುಲಭ, ಮಾತು ಕೇಳೋದು ಕಷ್ಟ.

ಇಲ್ಲಿ ಡಿಬಿಎಗಳ ಕತೆಗೆ ಬರಬೇಕು. ಹೇಗೆ ತರಬೇಕು ಅನ್ನುವ ಹೊರೆಯನ್ನು ಕಾಡ್ ಪ್ರೋಗ್ರಾಮರ್ ತಲೆಯಿಂದ ಇಳಿಸಿದರು ಸರಿ, ಆ ಹೊರೆ ಎಲ್ಲಿಗೆ ಹೋಯಿತು? ಅರ್ಧ ಆಪ್ಟಿಮೈಸರ್‌ಗೆ ಹೋಯಿತು. ಸಿಸ್ಟಂ ಆರ್ ತಂಡದ ಪೆಟ್ರೀಷಿಯಾ ಸೆಲಿಂಜರ್ 1979ರಲ್ಲಿ ತೋರಿಸಿಕೊಟ್ಟ ವಿಧಾನ ಅದು. ಒಂದು ಪ್ರಶ್ನೆಗೆ ಉತ್ತರ ತರಲು ಇರುವ ಹತ್ತಾರು ದಾರಿಗಳಿಗೆ ಯಂತ್ರವೇ ಖರ್ಚು ಅಂದಾಜು ಮಾಡಿ ಅಗ್ಗದ ದಾರಿ ಹಿಡಿಯುತ್ತೆ. ಆ ಅಂದಾಜಿಗೆ ಟೇಬಲ್‌ನಲ್ಲಿ ಎಷ್ಟು ಸಾಲುಗಳಿವೆ, ಯಾವ ಮೌಲ್ಯ ಎಷ್ಟು ಸಲ ಇದೆ ಎಂಬ ಅಂಕಿಅಂಶ ಬೇಕು. ಅದು ಹಳೆಯದಾಗಿದ್ದರೆ, ನಿನ್ನೆಯವರೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿದ್ದ ವರದಿ ಇವತ್ತು ಊಟ ಮುಗಿಸಿ ಬಂದರೂ ಬಂದಿರಲ್ಲ. ಯಾರೂ ಕೋಡ್ ಮುಟ್ಟಿರಲ್ಲ. ಉಳಿದರ್ಧ ಹೊರೆ ಬಂದು ಬಿದ್ದಿದ್ದು ಡಿಬಿಎ ಮೇಲೆ: ಅಂಕಿಅಂಶ ತಾಜಾ ಇಡುವುದು, ಯಂತ್ರ ಹಿಡಿದ ದಾರಿಯನ್ನು ತೆಗೆದು ಓದುವುದು, ಎಲ್ಲಿ ಇಂಡೆಕ್ಸ್ ಬೇಕು, ಎಲ್ಲಿ ಇರುವ ಇಂಡೆಕ್ಸೇ ಭಾರ ಎಂದು ಲೆಕ್ಕ ಹಾಕುವುದು. ಆದರೆ ಒಂದು ದೊಡ್ಡ ಸ್ವಾತಂತ್ರ್ಯವೂ ಸಿಕ್ಕಿತು. ಹಗಲು ಹೊತ್ತಿನಲ್ಲೇ ಹೊಸ ಇಂಡೆಕ್ಸ್ ಹಾಕಿ, ಬೇಡವಾದದ್ದು ತೆಗೆದು, ಟೇಬಲ್ಲನ್ನು ಬೇರೆ ಡಿಸ್ಕಿಗೆ ಸಾಗಿಸಿದರೂ ಅಪ್ಲಿಕೇಷನ್ ಬರೆದವರಿಗೆ ಗೊತ್ತೇ ಆಗಬೇಕಿಲ್ಲ. 12 ನಿಯಮಗಳಲ್ಲಿ ಎಂಟನೆಯದು ಇದೇ. ಡಿಬಿಎ ಕೆಲಸದ ಅನ್ನದ ತಟ್ಟೆ ಆ ನಿಯಮ.

ನಿಯಮಗಳು ಬಂದ ಸಂದರ್ಭವೂ ತಮಾಷೆಯದು. ಕಾಡ್ 1984ರಲ್ಲಿ ಐಬಿಎಂ ಬಿಟ್ಟರು. ಅಷ್ಟರಲ್ಲಿ ರಿಲೇಷನಲ್ ಎಂಬ ಪದ ಫ್ಯಾಷನ್ ಆಗಿಹೋಗಿತ್ತು. ಹಳೆಯ ಡೇಟಾಬೇಸ್ ಮಾರುತ್ತಿದ್ದವರು ಮೇಲೊಂದು ಟೇಬಲ್ ಮುಖವಾಡ ಹಾಕಿ, ನಮ್ಮದೂ ರಿಲೇಷನಲ್ ಎನ್ನತೊಡಗಿದರು. ಈಗ ಎಲ್ಲದಕ್ಕೂ ಎಐ ಎಂದು ಸ್ಟಿಕ್ಕರ್ ಅಂಟಿಸುತ್ತಾರಲ್ಲ, ಹಾಗೆ. 1985ರ ಅಕ್ಟೋಬರ್‌ನಲ್ಲಿ ಕಂಪ್ಯೂಟರ್‌ವರ್ಲ್ಡ್ ವಾರಪತ್ರಿಕೆಯಲ್ಲಿ ಎರಡು ಲೇಖನ ಬರೆದು ಕಾಡ್ ಪರೀಕ್ಷೆ ಇಟ್ಟರು. ನಿಯಮಗಳು 12 ಎನ್ನುತ್ತೇವೆ, ಸೊನ್ನೆಯಿಂದ ಎಣಿಸಿದರೆ 13. ಆಗಿದ್ದ ಯಾವ ಸರಕೂ ಪೂರ್ತಿ ಪಾಸಾಗಲಿಲ್ಲ.

ಅವುಗಳಲ್ಲಿ ಮೂರನ್ನು ನಾನು ಪ್ರತಿ ಸರ್ವರ್ ರೂಮಿನ ಗೋಡೆಗೆ ಅಂಟಿಸುತ್ತಿದ್ದೆ. ಏಳನೆಯದು, ಒಂದೇ ಆಜ್ಞೆಯಲ್ಲಿ ಇಡೀ ಗುಂಪಿನ ಸಾಲುಗಳನ್ನು ಸೇರಿಸುವ, ತಿದ್ದುವ, ಅಳಿಸುವ ಶಕ್ತಿ ಇರಬೇಕು ಎನ್ನುತ್ತದೆ. ಅದ್ಭುತ ಶಕ್ತಿ. ಯಾವ ಸಾಲುಗಳು ಎಂಬ ಷರತ್ತನ್ನು ಬರೆಯಲು ಮರೆತು ಎಂಟರ್ ಒತ್ತಿದರೆ ಕೋಟಿ ಜನರ ಊರಿನ ಹೆಸರು ಒಂದೇ ಆಗುವುದೂ ಅದೇ ಶಕ್ತಿಯಿಂದ. ಹಾಗಾಗಿಯೇ ಬ್ಯಾಕಪ್ ತೆಗೆದರೆ ಸಾಲದು, ಅದನ್ನು ಆಗಾಗ ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡಬೇಕು. ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ ಬರೀ ನಂಬಿಕೆ.

ಹತ್ತನೆಯದು, ಮಾಹಿತಿ ಸರಿಯಿರಬೇಕಾದ ಷರತ್ತುಗಳು ಡೇಟಾಬೇಸ್‌ನ ಒಳಗೇ ಇರಬೇಕು, ಒಬ್ಬೊಬ್ಬರ ಅಪ್ಲಿಕೇಷನ್‌ನಲ್ಲಿ ಚದುರಿರಬಾರದು ಎನ್ನುತ್ತೆ. ಹನ್ನೆರಡನೆಯದು, ಆ ಷರತ್ತುಗಳನ್ನು ತಪ್ಪಿಸಿ ಒಳಹೋಗುವ ಹಿಂಬಾಗಿಲು ಇರಬಾರದು ಎನ್ನುತ್ತೆ. ನಮ್ಮ ಐಟಿ ಉದ್ಯಮ ಅತಿ ಹೆಚ್ಚು ಕಡೆಗಣಿಸಿದ ಎರಡು ನಿಯಮಗಳು ಇವು. ಪತ್ರಿಕೋದ್ಯಮಕ್ಕೆ ಬರುವ ಮುಂಚೆ ನಾನು ಕೆಲಸ ಮಾಡುತ್ತಿದ್ದ ಕಂಪನಿಯೊಂದರಲ್ಲಿ ಫಾರಿನ್ ಕೀ ಹಾಕಿದರೆ ಸ್ಪೀಡ್ ಕಡಿಮೆಯಾಗುತ್ತೆ ಎಂದು ಮ್ಯಾನೇಜರ್ ಎಲ್ಲವನ್ನೂ ತೆಗೆಸಿದ್ದರು. ಮಾಹಿತಿ ಸರಿಯಿದೆಯಾ ಅಂತ ಅಪ್ಲಿಕೇಷನ್ ನೋಡಿಕೊಳ್ಳುತ್ತೆ ಅಂತ ವಾದ. ವರ್ಷದೊಳಗೆ ಗ್ರಾಹಕರೇ ಇಲ್ಲದ ಬಿಲ್ಲುಗಳು, ಬಿಲ್ಲೇ ಇಲ್ಲದ ಪಾವತಿಗಳು ಸಾವಿರಗಟ್ಟಲೆ ಬಿದ್ದಿದ್ದವು. ಅಪ್ಲಿಕೇಷನ್‌ಗಳು ಆಗಲೇ ಮೂರಾಗಿದ್ದವು, ಮೂರೂ ಬೇರೆ ಬೇರೆ ತಂಡದವರು ಬರೆದದ್ದು. ಅಲ್ಲಿ ಹೋದದ್ದು ಕಂಪನಿಯ ದುಡ್ಡು. ಅದೇ ಸಡಿಲತನ ಪಿಂಚಣಿಯ ಟೇಬಲ್‌ನಲ್ಲಿದ್ದರೆ ಹೋಗುವುದು ಯಾರದೋ ಅಜ್ಜಿಯ ಔಷಧಿ.

ಬಿಟ್ಟ ಜಾಗದ ಬಗ್ಗೆ, ಅಂದರೆ ನಲ್ ಬಗ್ಗೆಯೂ ಕಾಡ್ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ಒಂದು ಅರ್ಜಿಯಲ್ಲಿ ಗಂಡನ ಹೆಸರಿನ ಕಾಲಂ ಖಾಲಿ ಇದೆ. ಹೆಸರು ಗೊತ್ತಿಲ್ಲ ಅಂತಲೋ, ಮದುವೆಯೇ ಆಗಿಲ್ಲ ಅಂತಲೋ? ಮೊದಲನೆಯದು ಇದೆ ಆದರೆ ತಿಳಿದಿಲ್ಲ, ಎರಡನೆಯದು ಅನ್ವಯಿಸುವುದೇ ಇಲ್ಲ. 1990ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಕಾಡ್ ಇವೆರಡಕ್ಕೂ ಬೇರೆ ಬೇರೆ ಗುರುತು ಬೇಕು ಎಂದು ವಾದಿಸಿದರು. ಅವರ ಜೊತೆ ಸಲಹಾ ಸಂಸ್ಥೆ ನಡೆಸುತ್ತಿದ್ದ, ಅವರ ವಿಚಾರಗಳನ್ನು ಜಗತ್ತಿಗೆಲ್ಲ ಪಾಠ ಹೇಳಿದ ಕ್ರಿಸ್ ಡೇಟ್ ಮಾತ್ರ ಇದನ್ನು ಒಪ್ಪಲೇ ಇಲ್ಲ, ನಲ್ ಇರಲೇಬಾರದು ಎಂಬುದು ಅವರ ಪಟ್ಟು. ಉದ್ಯಮ ಇಬ್ಬರ ಮಾತನ್ನೂ ಬಿಟ್ಟು ಒಂದೇ ನಲ್ ಇಟ್ಟುಕೊಂಡಿತು. ಅದರ ಫಲವಾಗಿ, ಪಟ್ಟಿಯಲ್ಲಿ ಇಲ್ಲದವರನ್ನು ತೋರಿಸು ಎಂದು ನಾಟ್ ಇನ್ ಹಾಕಿ ಕೇಳಿದಾಗ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಉತ್ತರ ಸೊನ್ನೆ ಬರುತ್ತೆ, ಯಾವ ಎರರ್ ಕೂಡ ಬರಲ್ಲ. ಎಲ್ಲರಿಗೂ ಸೌಲಭ್ಯ ತಲುಪಿದೆ ಎಂದು ವರದಿ ಕೊಡಲು ಇಷ್ಟು ಸಾಕು.

ಇನ್ನೊಂದು ಕೆಲಸವನ್ನು ಈಗ ನೆನೆಯಬೇಕು. 1970ರ ದಶಕದಲ್ಲೇ ಕಾಡ್ ರಾಂಡೆವೂ ಎಂಬ ಪ್ರಯೋಗ ನಡೆಸಿದ್ದರು. ಪ್ರೋಗ್ರಾಮಿಂಗ್ ಬಾರದವರು ಮಾಮೂಲಿ ಇಂಗ್ಲಿಷ್‌ನಲ್ಲಿ ಡೇಟಾಬೇಸ್ ಜೊತೆ ಮಾತಾಡುವ ವ್ಯವಸ್ಥೆ. ಅದು ಸೀದಾ ಉತ್ತರಕ್ಕೆ ಧಾವಿಸುತ್ತಿರಲಿಲ್ಲ. ಅನುಮಾನ ಬಂದರೆ ತಿರುಗಿ ಪ್ರಶ್ನೆ ಕೇಳುತ್ತಿತ್ತು, ನೀವು ಕೇಳಿದ್ದು ಇದೇ ತಾನೇ ಎಂದು ತನ್ನ ಮಾತಿನಲ್ಲಿ ಒಮ್ಮೆ ಹೇಳಿ ಒಪ್ಪಿಗೆ ಪಡೆಯುತ್ತಿತ್ತು. ಈಗಿನ ಚಾಟ್ ಯಂತ್ರಗಳು ನಮ್ಮ ಮಾತನ್ನು ಎಸ್‌ಕ್ಯೂಎಲ್ ಮಾಡಿಕೊಡುತ್ತವೆ, ಡಿಬಿಎಗಳ ಕಾಲ ಮುಗಿಯಿತು ಎಂದು ಜಾಹೀರಾತುಗಳು ಹೇಳುತ್ತವೆ. ಕ್ಲೌಡ್ ಬಂದಾಗಲೂ ಇದನ್ನೇ ಹೇಳಿದ್ದರು. ಬ್ಯಾಕಪ್ ತಾನಾಗಿಯೇ ಆಗುತ್ತೆ, ನಿಜ. ಯಾವ ಕಾಲಂ ಖಾಲಿ ಬಿಡಬಹುದು, ಯಾರ ಹೆಸರು ಯಾವ ಟೇಬಲ್‌ನಲ್ಲಿ ಒಂದೇ ಸಲ ಇರಬೇಕು ಎಂದು ತೀರ್ಮಾನಿಸುವ ಬಟನ್ ಮಾತ್ರ ಯಾವ ಕ್ಲೌಡ್‌ನಲ್ಲೂ ಇಲ್ಲ.

ಕಾಡ್ ಕೊನೆಯ ವರ್ಷಗಳು ಪೂರ್ತಿ ಸ್ವಚ್ಛವಾಗಿರಲಿಲ್ಲ ಎನ್ನುವುದನ್ನೂ ಬರೆಯಬೇಕು. 1993ರಲ್ಲಿ ಅವರೂ ಸಂಗಡಿಗರೂ ಓಲ್ಯಾಪ್ ಎಂಬ ವಿಶ್ಲೇಷಣೆಯ ಡೇಟಾಬೇಸ್‌ಗಳ ಬಗ್ಗೆ ಒಂದು ಪ್ರಬಂಧ ತಂದರು, ಅದಕ್ಕೂ 12 ನಿಯಮಗಳು. ಆ ಪ್ರಬಂಧಕ್ಕೆ ಹಣ ಕೊಟ್ಟಿದ್ದು ಅಂಥದೇ ಸರಕು ಮಾರುತ್ತಿದ್ದ ಆರ್ಬರ್ ಸಾಫ್ಟ್‌ವೇರ್ ಎಂದು ಗೊತ್ತಾದಾಗ ವಿವಾದವಾಯಿತು. ಸುಳ್ಳು ಲೇಬಲ್‌ಗಳ ವಿರುದ್ಧ ಎಂಟು ವರ್ಷ ಹಿಂದೆ ಪರೀಕ್ಷೆ ಇಟ್ಟಿದ್ದವರ ಹೆಸರು ಈಗ ಒಂದು ಕಂಪನಿಯ ಲೇಬಲ್‌ನಂತೆ ಕಂಡಿತು. ಅಭಿಮಾನಿಗಳು ಈ ಪುಟವನ್ನು ಬೇಗ ತಿರುಗಿಸಿಬಿಡುತ್ತಾರೆ. ನನಗದು ಸರಿ ಅನ್ನಿಸಲ್ಲ.

ಎಂಬತ್ತರ ದಶಕದ ಕೊನೆಗೆ ಎಸ್‌ಕ್ಯೂಎಲ್ ಅಮೆರಿಕದ ಅಧಿಕೃತ ಮಾನದಂಡವಾಗಿತ್ತು. ಒರಾಕಲ್ ಶ್ರೀಮಂತವಾಗಿತ್ತು. ತೊಂಬತ್ತರ ದಶಕದಲ್ಲಿ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳು ಪುಕ್ಕಟೆಯಾಗಿ ಸಿಗತೊಡಗಿ, ಕಾಲೇಜಿನ ಹುಡುಗರೂ ಹಳೆಯ ಕಂಪ್ಯೂಟರಿನಲ್ಲಿ ಡೇಟಾಬೇಸ್ ಸರ್ವರ್ ನಡೆಸುವ ಕಾಲ ಬಂತು. ಐಎಂಎಸ್ ಸಹ ಸಾಯಲಿಲ್ಲ, ಅದು ಇವತ್ತಿಗೂ ಐಬಿಎಂನ ಪಟ್ಟಿಯಲ್ಲಿದೆ. ಕಾಡ್ ಜೊತೆಯಲ್ಲೇ ಕೆಲಸ ಮಾಡಿದ್ದ ಶರಾನ್ ವೈನ್‌ಬರ್ಗ್ ಅವರನ್ನು 1990ರಲ್ಲಿ ಮದುವೆಯಾಗಿದ್ದರು. 2003ರ ಏಪ್ರಿಲ್ 18ರಂದು ಫ್ಲೋರಿಡಾದ ವಿಲಿಯಮ್ಸ್ ಐಲೆಂಡ್‌ನ ಮನೆಯಲ್ಲಿ ಹೃದಯ ವೈಫಲ್ಯದಿಂದ ತೀರಿಕೊಂಡರು. ವಯಸ್ಸು 79.

ಡೇಟಾಬೇಸ್ ಸಂಶೋಧಕರ ಸಂಘಟನೆ ಸಿಗ್‌ಮಾಡ್ ಪ್ರತಿ ವರ್ಷ ಹೊಸ ಚಿಂತನೆಗೆ ಒಂದು ಪ್ರಶಸ್ತಿ ಕೊಡುತ್ತದೆ. ಕಾಡ್ ತೀರಿಕೊಂಡ ವರ್ಷ ಅದು ಸಿಕ್ಕಿದ್ದು ಡಾನ್ ಚೇಂಬರ್ಲಿನ್‌ಗೆ, ಕಾಡ್ ಪೂರ್ತಿ ಒಪ್ಪದ ಎಸ್‌ಕ್ಯೂಎಲ್ ರೂಪಿಸಿದವರಿಗೆ. ಮರುವರ್ಷ ಆ ಪ್ರಶಸ್ತಿಗೆ ಎಡ್ಗರ್ ಎಫ್. ಕಾಡ್ ಅವರ ಹೆಸರಿಟ್ಟರು.